ಸ್ಮಾರ್ಟ್‌ಫೋನ್ ಮಸೂರದಿಂದ ಕಣ್ಣಿನ ತಪಾಸಣೆ: ಉಪಕರಣ, ಲೆಕ್ಕ ಮತ್ತು ಹೊಣೆ

ಮಧುಮೇಹ ಇರುವವರ ದೃಷ್ಟಿ ಒಂದೇ ದಿನದಲ್ಲಿ ಹೋಗುವುದಿಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಸೂಕ್ಷ್ಮ ರಕ್ತನಾಳಗಳು ಮೊದಲು ದುರ್ಬಲವಾಗುತ್ತವೆ, ಆಮೇಲೆ ಸೋರುತ್ತವೆ, ಕೊನೆಗೆ ರಕ್ತಸ್ರಾವವಾಗುತ್ತದೆ. ಡಯಾಬಿಟಿಕ್ ರೆಟಿನೋಪಥಿ ಎಂದು ವೈದ್ಯರು ಕರೆಯುವ ಈ ರೋಗವು ಬಹುಕಾಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಅಂಗಡಿಯ ಖಾತೆ ಪುಸ್ತಕದ ಅಕ್ಷರ ಮಸುಕಾಗುವ ವೇಳೆಗೆ ಹಾನಿ ಬಹಳಷ್ಟು ಮುಂದುವರಿದಿರುತ್ತದೆ. ಮೊದಲೇ ಪತ್ತೆಯಾದರೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆಯಿಂದ ಇರುವ ದೃಷ್ಟಿಯನ್ನು ಉಳಿಸಿಕೊಳ್ಳಲು ಸಾಧ್ಯ. ಕಳೆದುಹೋದುದನ್ನು ಮರಳಿ ಪಡೆಯುವುದು ಕಷ್ಟ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಮೀರಿದ ಮಧುಮೇಹಿಗಳಿದ್ದಾರೆ. ನಲವತ್ತು ವರ್ಷ ಮೇಲ್ಪಟ್ಟ ಮಧುಮೇಹಿಗಳಲ್ಲಿ ಶೇ. 12.5ರಷ್ಟು ಮಂದಿಗೆ ಅಕ್ಷಿಪಟಲದ ತೊಂದರೆಯೂ, ಶೇ. 4ರಷ್ಟು ಮಂದಿಗೆ ದೃಷ್ಟಿಗೇ ಅಪಾಯ ತರುವ ಹಂತದ ತೊಂದರೆಯೂ ಇದೆಯೆಂದು 2022ರಲ್ಲಿ ಪ್ರಕಟವಾದ ಇನ್ನೊಂದು ರಾಷ್ಟ್ರೀಯ ಅಧ್ಯಯನ ತಿಳಿಸಿದೆ. ಇಷ್ಟು ಜನರ ಅಕ್ಷಿಪಟಲವನ್ನು ಆಗಾಗ್ಗೆ ನೋಡಲು ದೇಶದಲ್ಲಿರುವ ನೇತ್ರತಜ್ಞರ ಸಮಯ ಸಾಲದು. ಅಕ್ಷಿಪಟಲದ ಚಿತ್ರ ತೆಗೆಯುವ, ಮೇಜಿನ ಮೇಲಿಡುವ ಫಂಡಸ್ ಕ್ಯಾಮೆರಾಗಳ ಬೆಲೆ ಹಲವು ಲಕ್ಷ ರೂಪಾಯಿಗಳು. ಈ ಹಿನ್ನೆಲೆಯಲ್ಲಿ, ಸ್ಮಾರ್ಟ್‌ಫೋನಿಗೆ ಮಸೂರ ಜೋಡಿಸಿ ಕಣ್ಣನ್ನು ಪರೀಕ್ಷಿಸುವ ವಿಧಾನವು ವೈದ್ಯಕೀಯ ವಲಯದಷ್ಟೇ ವಾಣಿಜ್ಯ ವಲಯದ ಗಮನವನ್ನೂ ಸೆಳೆದಿದೆ. ಈ ಉಪಕರಣವನ್ನು ತಯಾರಿಸಲು, ಮಾರಲು ಅಥವಾ ತಮ್ಮ ನೌಕರರಿಗಾಗಿ ಬಳಸಲು ಬಯಸುವವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಉಪಕರಣ ಕೆಲಸ ಮಾಡುವ ಬಗೆ

ಕಣ್ಣಿನ ಒಳಗನ್ನು ನೋಡುವ ಮೂಲ ಸಮಸ್ಯೆ ಬೆಳಕಿನದು. ಪಾಪೆ ಒಂದು ಚಿಕ್ಕ ಕಿಂಡಿ. ಅದರ ಮೂಲಕವೇ ಬೆಳಕು ಒಳಹೋಗಬೇಕು, ಅದರ ಮೂಲಕವೇ ಹಿಂದಿರುಗಬೇಕು. ನೋಡುವವನು ಕಿಂಡಿಗೆ ಅಡ್ಡ ನಿಂತರೆ ಬೆಳಕು ತಪ್ಪುತ್ತದೆ, ಪಕ್ಕಕ್ಕೆ ಸರಿದರೆ ನೋಟ ತಪ್ಪುತ್ತದೆ. ಬೆಳಕಿನ ದಾರಿಯನ್ನೂ ನೋಟದ ದಾರಿಯನ್ನೂ ಒಂದೇ ರೇಖೆಗೆ ತಂದು ಈ ತೊಡಕನ್ನು ಬಿಡಿಸಿದವರು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. 1851ರಲ್ಲಿ ಅವರು ಪ್ರಕಟಿಸಿದ ಆಫ್ಥಾಲ್ಮೊಸ್ಕೋಪಿನ ತತ್ತ್ವವೇ ಇಂದಿನ ಫೋನ್ ಉಪಕರಣಗಳಿಗೂ ಆಧಾರ.

ಸ್ಮಾರ್ಟ್‌ಫೋನಿನಲ್ಲಿ ಕ್ಯಾಮೆರಾ ಮತ್ತು ಫ್ಲ್ಯಾಶ್ ದೀಪ ಅಕ್ಕಪಕ್ಕದಲ್ಲಿರುತ್ತವೆ. ಈ ಅನುಕೂಲವನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಬಳಸಲಾಗುತ್ತದೆ. ಮೊದಲನೆಯದರಲ್ಲಿ ಸಣ್ಣ ಜೋಡಣೆಯೊಂದನ್ನು ಕ್ಯಾಮೆರಾದ ಮೇಲೆ ಕೂರಿಸಿ ಫೋನನ್ನು ಕಣ್ಣಿಗೆ ತೀರ ಸಮೀಪ ಹಿಡಿಯುತ್ತಾರೆ. ಜೋಡಣೆಯೊಳಗಿನ ಕನ್ನಡಿ ಅಥವಾ ಪಟ್ಟಕವು ದೀಪದ ಬೆಳಕನ್ನು ಕ್ಯಾಮೆರಾದ ನೋಟದ ದಾರಿಗೆ ತರುತ್ತದೆ. ಸಾಧನ ಚಿಕ್ಕದು, ಆದರೆ ಒಮ್ಮೆಗೆ ಕಾಣುವುದು ಅಕ್ಷಿಪಟಲದ ಸಣ್ಣ ಭಾಗ ಮಾತ್ರ. ಎರಡನೆಯದರಲ್ಲಿ ನೇತ್ರತಜ್ಞರು ದಿನನಿತ್ಯ ಬಳಸುವ 20 ಡಯಾಪ್ಟರ್ ಮಸೂರವನ್ನು ಕಣ್ಣಿನ ಮುಂದೆ ಹಿಡಿದು, ಅದು ಗಾಳಿಯಲ್ಲಿ ಮೂಡಿಸುವ ತಲೆಕೆಳಗಾದ ಬಿಂಬವನ್ನು ದೂರದಿಂದ ಫೋನಿನಲ್ಲಿ ಸೆರೆಹಿಡಿಯುತ್ತಾರೆ. 20 ಡಯಾಪ್ಟರ್ ಎಂದರೆ 5 ಸೆಂಟಿಮೀಟರ್ ನಾಭಿದೂರ. ಮಸೂರವನ್ನೂ ಫೋನನ್ನೂ ಒಂದೇ ದಂಡಕ್ಕೆ ಕೂಡಿಸುವ ಹಿಡಿಕೆಗಳು ಈ ಕೆಲಸವನ್ನು ಸುಲಭಗೊಳಿಸುತ್ತವೆ.

ಇವೆರಡಕ್ಕಿಂತ ಮುಂದುವರಿದ ಮೂರನೆಯ ಬಗೆಯಲ್ಲಿ ಬೆಳಕು, ಮಸೂರ, ಸೋಸುಗಗಳೆಲ್ಲವೂ ಸಂಪೂರ್ಣ ಪ್ರತ್ಯೇಕ ಯಂತ್ರದೊಳಗಿದ್ದು, ಫೋನು ಕೇವಲ ಕ್ಯಾಮೆರಾ ಹಾಗೂ ಗಣಕದ ಕೆಲಸ ಮಾಡುತ್ತದೆ. ಬೆಂಗಳೂರಿನ ರೆಮಿಡಿಯೋ ಸಂಸ್ಥೆಯ ‘ಫಂಡಸ್ ಆನ್ ಫೋನ್’ ಈ ಬಗೆಯದು. ಅಕ್ಷಿಪಟಲ ಮಾತ್ರವಲ್ಲದೆ ಕಣ್ಣಿನ ಮುಂಭಾಗದ ಚಿತ್ರಕ್ಕೂ, ಕನ್ನಡಕದ ನಂಬರ್ ಅಂದಾಜಿಸಲೂ ಫೋನನ್ನು ಬಳಸುವ ಪ್ರಯತ್ನಗಳು ನಡೆದಿವೆ. ಫೋನಿನ ಪರದೆಯ ಮೇಲೆ ಮಸೂರದ ಜೋಡಣೆಯಿಟ್ಟು, ಕಾಣುವ ಗೆರೆಗಳನ್ನು ಒಂದುಗೂಡಿಸುವ ಮೂಲಕ ದೃಷ್ಟಿದೋಷ ಅಳೆಯುವ ‘ನೇತ್ರಾ’ ಎಂಬ ಸಾಧನವನ್ನು ಅಮೆರಿಕದ ಎಂಐಟಿ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ರಮೇಶ್ ರಾಸ್ಕರ್ ಮತ್ತು ಸಂಗಡಿಗರು 2010ರಲ್ಲಿ ಪರಿಚಯಿಸಿದರು.

ಸಾಮರ್ಥ್ಯ ಮತ್ತು ಮಿತಿ

ಚೆನ್ನೈನ ಡಾ. ಮೋಹನ್ಸ್ ಮಧುಮೇಹ ಕೇಂದ್ರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 301 ಮಧುಮೇಹಿಗಳ ಕಣ್ಣುಗಳನ್ನು ಫಂಡಸ್ ಆನ್ ಫೋನ್ ಮತ್ತು ಸಾಂಪ್ರದಾಯಿಕ ಕ್ಯಾಮೆರಾ ಎರಡರಿಂದಲೂ ಚಿತ್ರಿಸಿ ಹೋಲಿಸಲಾಯಿತು. ರೋಗ ಇರುವವರಲ್ಲಿ ಶೇ. 92.7ರಷ್ಟು ಮಂದಿಯನ್ನು ಫೋನ್ ಉಪಕರಣ ಸರಿಯಾಗಿ ಗುರುತಿಸಿತು. ಇಲ್ಲದವರಲ್ಲಿ ಶೇ. 98.4ರಷ್ಟು ಮಂದಿಯನ್ನು ಇಲ್ಲವೆಂದೇ ಹೇಳಿತು. ಅಲ್ಲಿ ಚಿತ್ರಗಳನ್ನು ಓದಿದವರು ತಜ್ಞರು. 2018ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ 296 ಮಂದಿಯ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ಓದಿತು. ದೃಷ್ಟಿಗೆ ಅಪಾಯವಿರುವವರಲ್ಲಿ ಶೇ. 99.1 ಮಂದಿಯನ್ನು ಅದು ಹಿಡಿಯಿತು. ಆದರೆ ಅಂತಹ ಅಪಾಯವಿಲ್ಲದವರ ಪೈಕಿ ಶೇ. 80.4ರಷ್ಟು ಮಂದಿಯನ್ನು ಮಾತ್ರ ಸರಿಯಾಗಿ ಬಿಟ್ಟುಕೊಟ್ಟಿತು. ಉಳಿದವರಿಗೆ ಅದು ಕೊಟ್ಟದ್ದು ಸುಳ್ಳು ಎಚ್ಚರಿಕೆ.

ಇವು ಪರಿಣತ ಕೈಗಳು, ಪಾಪೆ ಹಿಗ್ಗಿಸುವ ಹನಿಗಳು ಮತ್ತು ಉತ್ತಮ ಉಪಕರಣ ಕೂಡಿ ಬಂದಾಗಿನ ಅಂಕಿಗಳು ಎಂಬುದನ್ನು ಮರೆಯಬಾರದು. ಮಾರುಕಟ್ಟೆಯಲ್ಲಿ ಸಿಗುವ ಯಾವುದೇ ಕ್ಲಿಪ್ ಮಸೂರಕ್ಕೆ ಇವು ಅನ್ವಯಿಸುವುದಿಲ್ಲ. ಕಣ್ಣಿನ ಪೊರೆ ಬಲಿತಿದ್ದರೆ ಚಿತ್ರ ಮಸುಕಾಗುತ್ತದೆ. ಪಾಪೆ ಕಿರಿದಾಗಿದ್ದರೆ ಅಂಚುಗಳು ಕಪ್ಪಾಗುತ್ತವೆ. ಅಕ್ಷಿಪಟಲದ ಹೊರ ಅಂಚಿನ ಹರಕುಗಳು ನೋಟಕ್ಕೆ ಸಿಗದೇ ಹೋಗಬಹುದು. ಕಣ್ಣಿನ ಒಳ ಒತ್ತಡವನ್ನು ಫೋಟೊ ಅಳೆಯುವುದಿಲ್ಲ. ಆದ್ದರಿಂದ ಚಿತ್ರ ಚೆನ್ನಾಗಿ ಬಂದ ಮಾತ್ರಕ್ಕೆ ಗ್ಲಾಕೋಮಾ ಇಲ್ಲವೆಂದು ಹೇಳಲಾಗದು. ಫೋನ್ ಪರೀಕ್ಷೆಯು ಜರಡಿ ಹಿಡಿಯುವ ಕೆಲಸ ಮಾಡುತ್ತದೆಯೇ ಹೊರತು ನೇತ್ರತಜ್ಞರ ಪೂರ್ಣ ತಪಾಸಣೆಯ ಸ್ಥಾನವನ್ನು ತುಂಬುವುದಿಲ್ಲ.

ಒಂದು ಲೆಕ್ಕ

ಜರಡಿಯ ಈ ಗುಣವನ್ನು ಸಂಖ್ಯೆಗಳಲ್ಲಿಟ್ಟು ನೋಡುವುದು ಉಪಯುಕ್ತ. ಒಂದು ಸಾವಿರ ಮಧುಮೇಹಿಗಳನ್ನು ಪರೀಕ್ಷಿಸಲಾಯಿತೆಂದು ಭಾವಿಸೋಣ. ಶೇ. 4ರ ಪ್ರಕಾರ ಅವರಲ್ಲಿ 40 ಮಂದಿಗೆ ದೃಷ್ಟಿಯ ಅಪಾಯವಿದೆ, 960 ಮಂದಿಗೆ ಇಲ್ಲ. 2018ರ ಅಧ್ಯಯನದ ಪ್ರಮಾಣವನ್ನೇ ಅನ್ವಯಿಸಿದರೆ ತಂತ್ರಾಂಶವು ಈ 40 ಮಂದಿಯನ್ನು ಬಹುತೇಕ ಪೂರ್ಣವಾಗಿ ಹಿಡಿಯುತ್ತದೆ. ಜೊತೆಗೆ ಅಪಾಯವಿಲ್ಲದ ಸುಮಾರು 188 ಮಂದಿಯನ್ನೂ ಹಿಡಿಯುತ್ತದೆ. ಒಟ್ಟು 228 ಮಂದಿಗೆ ‘ಆಸ್ಪತ್ರೆಗೆ ಹೋಗಿ’ ಎಂಬ ಚೀಟಿ ಸಿಗುತ್ತದೆ. ಐದರಲ್ಲಿ ನಾಲ್ಕಕ್ಕೂ ಹೆಚ್ಚು ಚೀಟಿಗಳು ತುರ್ತು ಚಿಕಿತ್ಸೆ ಬೇಡದವರ ಕೈಯಲ್ಲಿರುತ್ತವೆ. ಇದನ್ನು ಯಂತ್ರದ ವೈಫಲ್ಯವೆನ್ನಲಾಗದು, ಜರಡಿಯ ಸ್ವಭಾವವೇ ಅದು. ಆದರೆ ಈ ಸಂಖ್ಯೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯದ ಯೋಜನೆ ಆಸ್ಪತ್ರೆಯ ಬಾಗಿಲಲ್ಲಿ ಮುಗ್ಗರಿಸುತ್ತದೆ.

ಚೀಟಿ ಪಡೆದವರೆಲ್ಲರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎಂಬುದು ಮುಂದಿನ ಪ್ರಶ್ನೆ. ಕೀನ್ಯಾ ದೇಶದ ಟ್ರಾನ್ಸ್ ನ್ಜೋಯಾ ಪ್ರಾಂತದ 50 ಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ನೇತ್ರತಜ್ಞ ಆಂಡ್ರೂ ಬಸ್ಟಾವ್ರಸ್ ಮತ್ತು ಸಂಗಡಿಗರು ಕೀನ್ಯಾದಲ್ಲೇ ರೂಪಿಸಿದ ‘ಪೀಕ್’ ವ್ಯವಸ್ಥೆಯಲ್ಲಿ ಶಿಕ್ಷಕರು ಫೋನಿನಿಂದ ಮಕ್ಕಳ ದೃಷ್ಟಿ ಪರೀಕ್ಷಿಸಿದರು. ಮಗುವಿಗೆ ಲೋಕ ಎಷ್ಟು ಮಸುಕಾಗಿ ಕಾಣುತ್ತಿದೆಯೆಂಬ ಚಿತ್ರವನ್ನು ಪೋಷಕರಿಗೆ ಕಳುಹಿಸಲಾಯಿತು, ಆಸ್ಪತ್ರೆಗೆ ಬರುವಂತೆ ಎಸ್‌ಎಂಎಸ್ ಮೂಲಕ ನೆನಪಿಸಲಾಯಿತು. ಆಸ್ಪತ್ರೆಗೆ ಬಂದವರು ಶೇ. 54. ಕೇವಲ ಚೀಟಿ ಕೊಟ್ಟು ಕಳುಹಿಸಿದ ಶಾಲೆಗಳಲ್ಲಿ ಬಂದವರು ಶೇ. 22. ಆ ಪ್ರಯೋಗದಲ್ಲಿ ಬಳಕೆಯಾದುದು ಮಸೂರದ ಜೋಡಣೆಯಲ್ಲ, ದೃಷ್ಟಿ ಪರೀಕ್ಷೆಯ ತಂತ್ರಾಂಶ. ಆದರೂ ಅದರ ಪಾಠ ಇಲ್ಲಿಯೂ ಸಲ್ಲುತ್ತದೆ.

ಈ ಎರಡು ಪ್ರಮಾಣಗಳನ್ನು ಮೇಲಿನ ಸಾವಿರ ಜನರಿಗೆ ಉದಾಹರಣೆಗಾಗಿ ಅನ್ವಯಿಸಬಹುದು. ಒಂದು ಪರೀಕ್ಷೆಗೆ ರೂ. 150, ಆಸ್ಪತ್ರೆಯ ತಪಾಸಣೆಗೆ ರೂ. 500 ಎಂದು ಊಹಿಸಿಕೊಳ್ಳೋಣ.

ಮೊದಲ ಸ್ಥಿತಿ: ಚೀಟಿ ಕೊಟ್ಟು ಬಿಡುವುದು. ಪರೀಕ್ಷೆಗೆ ರೂ. 1,50,000. ಆಸ್ಪತ್ರೆಗೆ ಹೋದ 50 ಮಂದಿಗೆ ರೂ. 25,000. ಒಟ್ಟು ರೂ. 1,75,000. ಚಿಕಿತ್ಸೆಯ ದಾರಿಗೆ ಬಂದ ನಿಜವಾದ ರೋಗಿಗಳು 9. ತಲಾ ವೆಚ್ಚ ಸುಮಾರು ರೂ. 19,400.

ಎರಡನೆಯ ಸ್ಥಿತಿ: ಉಪಕರಣವನ್ನು ಇನ್ನಷ್ಟು ಅಗ್ಗಗೊಳಿಸಿ ಪರೀಕ್ಷೆಯ ವೆಚ್ಚವನ್ನು ರೂ. 100ಕ್ಕೆ ಇಳಿಸುವುದು, ಉಳಿದುದೆಲ್ಲ ಹಿಂದಿನಂತೆ. ಒಟ್ಟು ರೂ. 1,25,000. ರೋಗಿಗಳು ಅದೇ 9. ತಲಾ ವೆಚ್ಚ ಸುಮಾರು ರೂ. 13,900.

ಮೂರನೆಯ ಸ್ಥಿತಿ: ಪರೀಕ್ಷೆಯ ವೆಚ್ಚ ರೂ. 150 ಆಗಿಯೇ ಇದ್ದು, ಚೀಟಿ ಪಡೆದ ಪ್ರತಿಯೊಬ್ಬರಿಗೂ ನೆನಪೋಲೆಗಾಗಿ ರೂ. 20 ಖರ್ಚು ಮಾಡುವುದು. ಪರೀಕ್ಷೆಗೆ ರೂ. 1,50,000, ನೆನಪೋಲೆಗೆ ರೂ. 4,560, ಆಸ್ಪತ್ರೆಗೆ ಹೋದ 123 ಮಂದಿಗೆ ರೂ. 61,500. ಒಟ್ಟು ರೂ. 2,16,060. ಚಿಕಿತ್ಸೆಯ ದಾರಿಗೆ ಬಂದವರು 22. ತಲಾ ವೆಚ್ಚ ಸುಮಾರು ರೂ. 9,800.

ದರಗಳು ಊಹೆಯವಾದರೂ ಲೆಕ್ಕ ತೋರುವ ದಿಕ್ಕು ಖಚಿತ. ಉಪಕರಣದ ಬೆಲೆ ಇಳಿಸುವುದಕ್ಕಿಂತ ಪರೀಕ್ಷೆಯ ನಂತರದ ಅನುಸರಣೆಗೆ ತೊಡಗಿಸಿದ ಸಣ್ಣ ಮೊತ್ತವೇ ಹೆಚ್ಚು ಫಲ ಕೊಡುತ್ತದೆ. ಮೊದಲೆರಡು ಸ್ಥಿತಿಗಳಲ್ಲಿ ಪತ್ತೆಯಾಗಿಯೂ ಆಸ್ಪತ್ರೆಗೆ ಬಾರದ 31 ಮಂದಿಯ ಕಣ್ಣುಗಳು ಯಾವ ಖಾತೆಯಲ್ಲೂ ನಷ್ಟವೆಂದು ಕಾಣುವುದಿಲ್ಲ. ಆ ನಷ್ಟ ಮಾತ್ರ ನಿಜ.

ಕರ್ನಾಟಕದಲ್ಲೇ ಇದಕ್ಕೆ ಪೂರಕವಾದ ನಿದರ್ಶನವಿದೆ. ಅವಧಿಗೆ ಮುನ್ನ ಜನಿಸಿದ ಶಿಶುಗಳ ಅಕ್ಷಿಪಟಲ ಪರೀಕ್ಷೆಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅವನ್ನು ನೋಡಿ ನಿರ್ಧರಿಸುತ್ತಾರೆ. ಅಲ್ಲಿ ಬಳಸುವ ಕ್ಯಾಮೆರಾ ಫೋನಲ್ಲ, ದುಬಾರಿ ಬೆಲೆಯದು. ಯೋಜನೆ ನಿಂತಿರುವುದು ಚಿತ್ರ ತೆಗೆಯುವವರು, ಓದುವವರು ಮತ್ತು ಚಿಕಿತ್ಸೆ ನೀಡುವವರ ನಡುವಿನ ಕಡಿಯದ ಸರಪಳಿಯ ಮೇಲೆ.

ತಯಾರಕರು ಗಮನಿಸಬೇಕಾದುದು

ಪ್ಲಾಸ್ಟಿಕ್ ಅಚ್ಚು, ಲೇತ್ ಕೆಲಸ ಅಥವಾ ಮಸೂರ ತಯಾರಿಕೆಯ ಅನುಭವವಿರುವ ಸಣ್ಣ ಘಟಕಕ್ಕೆ ಫೋನ್ ಹಿಡಿಕೆ ತಯಾರಿಸುವುದು ಕಠಿಣವಲ್ಲ. ಕಠಿಣವಾದುದು ಅದನ್ನು ವರ್ಷಗಟ್ಟಲೆ ಒಂದೇ ಗುಣಮಟ್ಟದಲ್ಲಿ ಕೊಡುವುದು. ಫೋನ್ ಮಾದರಿಗಳು ಮೇಲಿಂದ ಮೇಲೆ ಬದಲಾಗುತ್ತವೆ, ಕ್ಯಾಮೆರಾದ ಸ್ಥಾನ ಸರಿಯುತ್ತದೆ, ಅಚ್ಚು ವ್ಯರ್ಥವಾಗುತ್ತದೆ. ಅಚ್ಚಿನ ವೆಚ್ಚವನ್ನು ಐದು ವರ್ಷಗಳಿಗೆ ಹಂಚಿ ಬೆಲೆ ನಿಗದಿ ಮಾಡಿದವರು ಎರಡನೆಯ ವರ್ಷದಲ್ಲಿ ಹೊಸ ಅಚ್ಚಿಗೆ ಹಣ ಹುಡುಕಬೇಕಾಗಬಹುದು. ಅಲ್ಲದೆ ಫೋನಿನ ತಂತ್ರಾಂಶವು ಚಿತ್ರದ ಬಣ್ಣ ಮತ್ತು ಹೊಳಪನ್ನು ತಾನಾಗಿಯೇ ತಿದ್ದುತ್ತದೆ. ಮದುವೆಯ ಫೋಟೊಕ್ಕೆ ಒಪ್ಪುವ ಆ ತಿದ್ದುಪಡಿ ಅಕ್ಷಿಪಟಲದ ಸಣ್ಣ ರಕ್ತಚುಕ್ಕೆಯನ್ನು ಮರೆಮಾಡಬಲ್ಲದು. ಕಣ್ಣಿಗೆ ಬೀಳುವ ಬೆಳಕಿನ ಪ್ರಮಾಣ ಸುರಕ್ಷಿತ ಮಿತಿಯೊಳಗಿರಬೇಕು. ನೇತ್ರ ಉಪಕರಣಗಳ ಬೆಳಕಿನ ಅಪಾಯಕ್ಕೆ ಐಎಸ್‌ಒ 15004-2, ಫಂಡಸ್ ಕ್ಯಾಮೆರಾಗಳಿಗೆ ಐಎಸ್‌ಒ 10940 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ.

ಕಾನೂನಿನ ದೃಷ್ಟಿಯಲ್ಲಿ ಇದು ಮೊಬೈಲ್ ಅಂಗಡಿಯ ಸರಕೇ ಅಥವಾ ವೈದ್ಯಕೀಯ ಸಾಧನವೇ ಎಂಬ ಪ್ರಶ್ನೆ ಮುಖ್ಯ. ಕೇಂದ್ರ ಸರ್ಕಾರವು 2020ರ ಫೆಬ್ರವರಿ 11ರಂದು ಹೊರಡಿಸಿದ ಅಧಿಸೂಚನೆ ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರನ್ವಯ, ರೋಗನಿದಾನದಂತಹ ಕಾರ್ಯಗಳಿಗೆಂದು ತಯಾರಕನು ಉದ್ದೇಶಿಸಿದ ಎಲ್ಲ ಸಾಧನಗಳೂ, ತಂತ್ರಾಂಶ ಮತ್ತು ಪೂರಕ ಸಾಮಗ್ರಿಗಳೂ ಸೇರಿದಂತೆ, ವೈದ್ಯಕೀಯ ಸಾಧನಗಳೇ. ಇಲ್ಲಿ ‘ಉದ್ದೇಶ’ ಎಂಬ ಪದವನ್ನು ಗಮನಿಸಬೇಕು. ಚಿನ್ನದ ಕೆಲಸಗಾರನು ನಗೆಯ ಸೂಕ್ಷ್ಮ ನೋಡಲು ಬಳಸುವ ಕ್ಲಿಪ್ ಮಸೂರ ವೈದ್ಯಕೀಯ ಸಾಧನವಲ್ಲ. ಅಂತಹುದೇ ಮಸೂರದ ಪೆಟ್ಟಿಗೆಯ ಮೇಲೆ ‘ಕಣ್ಣಿನ ತಪಾಸಣೆಗೆ’ ಎಂದು ಮುದ್ರಿಸಿದೊಡನೆ ಅದು 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಈ ನಿಯಮಗಳು ಸಾಧನಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿವೆ. ಎ ಮತ್ತು ಬಿ ವರ್ಗಗಳ ತಯಾರಿಕಾ ಪರವಾನಗಿಯನ್ನು ರಾಜ್ಯದ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಗಳದನ್ನು ಕೇಂದ್ರದ ಪ್ರಾಧಿಕಾರವೂ ನೀಡುತ್ತವೆ. ಯಾವ ವರ್ಗದ ಸಾಧನವಾದರೂ ಆಮದು ಪರವಾನಗಿ ಕೇಂದ್ರದಿಂದಲೇ ದೊರೆಯಬೇಕು. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ವ್ಯವಸ್ಥೆ ಅನ್ವಯವಾಗಿದೆ. ಎ ವರ್ಗದಲ್ಲಿ ಕ್ರಿಮಿಶುದ್ಧೀಕರಣ ಬೇಡದ, ಅಳತೆಯ ಕಾರ್ಯ ಮಾಡದ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿಯಿದ್ದು ನೋಂದಣಿ ಸಾಕು. ಬರಿಯ ಹಿಡಿಕೆ, ಬೆಳಕುಳ್ಳ ಕ್ಯಾಮೆರಾ ಜೋಡಣೆ, ರೋಗವನ್ನು ತಾನೇ ಗುರುತಿಸುವ ತಂತ್ರಾಂಶ – ಇವೆಲ್ಲ ಒಂದೇ ವರ್ಗಕ್ಕೆ ಸೇರುತ್ತವೆಂದು ಭಾವಿಸುವುದು ಸರಿಯಲ್ಲ. ಬಂಡವಾಳ ಹೂಡುವ ಮುನ್ನವೇ ವರ್ಗ ನಿರ್ಣಯ ಮಾಡಿಕೊಳ್ಳುವುದು ವಿವೇಕದ ಕ್ರಮ.

ವರ್ತಕರು ಮತ್ತು ತೆರಿಗೆ

ವೈದ್ಯಕೀಯ ಸಾಧನಗಳ ಮಾರಾಟ ಹಾಗೂ ದಾಸ್ತಾನಿಗಾಗಿ ನಮೂನೆ ಎಂಡಿ-42ರ ನೋಂದಣಿ ಪ್ರಮಾಣಪತ್ರದ ವ್ಯವಸ್ಥೆ 2022ರ ಸೆಪ್ಟೆಂಬರಿನಲ್ಲಿ ಜಾರಿಯಾಯಿತು. ಪರವಾನಗಿ ಹೊಂದಿದ ತಯಾರಕ ಅಥವಾ ಆಮದುದಾರರಿಂದಲೇ ಖರೀದಿಸುವುದು, ಖರೀದಿ-ಮಾರಾಟದ ದಾಖಲೆ ಇಡುವುದು ವರ್ತಕನ ಹೊಣೆ.

ಜಿಎಸ್‌ಟಿಯಲ್ಲಿ ನೇತ್ರ ಉಪಕರಣಗಳು ಶೀರ್ಷಿಕೆ 9018ರ ಅಡಿ ಬರುತ್ತವೆ. ಅದರ ಮೇಲಿನ ಶೇ. 12ರ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಕ್ಯಾಮೆರಾ ಮಸೂರಗಳು ಮತ್ತು ಸ್ಮಾರ್ಟ್‌ಫೋನ್ ಶೇ. 18ರ ದರದವು. ವರ್ಗೀಕರಣವನ್ನು ನಿರ್ಧರಿಸುವುದು ಸರಕಿನ ಸ್ವರೂಪವೇ ಹೊರತು ಬಿಲ್ಲಿನಲ್ಲಿ ಬರೆದ ಹೆಸರಲ್ಲ. ಫೋನ್ ಮತ್ತು ಜೋಡಣೆಯನ್ನು ಒಂದೇ ಬೆಲೆಗೆ ಮಾರಿದಾಗ ಅದು ಪ್ರಧಾನ ಸರಕಿನ ದರ ಅನ್ವಯವಾಗುವ ಸಂಯುಕ್ತ ಪೂರೈಕೆಯೋ, ಅತಿ ಹೆಚ್ಚಿನ ದರ ಅನ್ವಯವಾಗುವ ಮಿಶ್ರ ಪೂರೈಕೆಯೋ ಎಂಬ ವಿವಾದ ಏಳಬಹುದು. ಫೋನನ್ನು ಕಳಚಿ ಮಾಮೂಲಿನಂತೆ ಬಳಸಲು ಬರುವಂತಿದ್ದರೆ ಎರಡನ್ನೂ ಬೇರೆ ಬೇರೆ ಬೆಲೆಗೆ ಬಿಲ್ಲು ಮಾಡುವುದು ಸುರಕ್ಷಿತ.

ದರ ಇಳಿಕೆಯ ಪರಿಣಾಮ ಖರೀದಿದಾರನಿಗೂ ತಯಾರಕನಿಗೂ ಬೇರೆ ಬೇರೆ. ಚಿಕಿತ್ಸಾಲಯದ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅದಕ್ಕೆ ಇನ್‌ಪುಟ್ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ. ಆದ್ದರಿಂದ ರೂ. 1,00,000ದ ಉಪಕರಣದ ಮೇಲೆ ಹಿಂದೆ ಕೊಡುತ್ತಿದ್ದ ರೂ. 12,000ದ ಬದಲು ರೂ. 5,000 ಕೊಡುವಾಗ ಉಳಿಯುವ ರೂ. 7,000 ನಿಜವಾದ ಉಳಿತಾಯ. ತಯಾರಕನಾದರೋ ಬಿಡಿಭಾಗಗಳಿಗೆ ಶೇ. 18 ಕೊಟ್ಟು ಸಿದ್ಧ ಸರಕಿಗೆ ಶೇ. 5 ವಸೂಲು ಮಾಡುವುದರಿಂದ ಕ್ರೆಡಿಟ್ ಸಂಗ್ರಹವಾಗುತ್ತ ಹೋಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೆಯ ಪ್ರಕರಣ ಮತ್ತು 89(5)ನೆಯ ನಿಯಮದಂತೆ ಇದಕ್ಕೆ ಮರುಪಾವತಿ ಕೋರಬಹುದು. ಆದರೆ ಯಂತ್ರೋಪಕರಣ ಮತ್ತು ಸೇವೆಗಳ ಮೇಲಿನ ತೆರಿಗೆ ಈ ಮರುಪಾವತಿಯ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷಾ ಶುಲ್ಕ, ತಂತ್ರಾಂಶ ಸೇವೆ ಮುಂತಾದವುಗಳೇ ಪ್ರಮುಖ ವೆಚ್ಚವಾಗಿರುವ ಈ ಉದ್ಯಮದಲ್ಲಿ ದುಡಿಯುವ ಬಂಡವಾಳ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲೆ ನಿಗದಿಯ ಹಂತದಲ್ಲೇ ಇದನ್ನು ಎಣಿಸಬೇಕು.

ಕಾರ್ಖಾನೆಯಲ್ಲಿ ತಪಾಸಣಾ ಶಿಬಿರ

ತಮ್ಮ ನೌಕರರಿಗಾಗಿ ಇಂತಹ ಶಿಬಿರ ಏರ್ಪಡಿಸುವ ಉದ್ಯಮಿಗಳು ಕೆಲವು ಅಂಶಗಳನ್ನು ಪಾಲಿಸಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆಗಳ ಕಾಲ ಹತ್ತಿರದ ನೋಟ ಮಸುಕಾಗಿರುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಆ ದಿನ ಯಂತ್ರದ ಮುಂದೆ ನಿಲ್ಲಿಸುವುದಾಗಲಿ, ದ್ವಿಚಕ್ರ ವಾಹನದಲ್ಲಿ ಮನೆಗೆ ಕಳುಹಿಸುವುದಾಗಲಿ ಕೂಡದು. ವಾರದ ರಜೆಯ ದಿನ ಶಿಬಿರಕ್ಕೆ ಸೂಕ್ತ. ಕೆಲವರ ಕಣ್ಣಿನಲ್ಲಿ ಹನಿಯಿಂದ ಒತ್ತಡ ಹಠಾತ್ತನೆ ಏರುವ ಸಂಭವವಿರುವುದರಿಂದ ವೈದ್ಯರ ಮೇಲ್ವಿಚಾರಣೆ ಅಗತ್ಯ. ಚಿತ್ರ ಮತ್ತು ವರದಿ ನೌಕರನ ಸ್ವಂತ ಮಾಹಿತಿಯಾಗಿದ್ದು, ಅವನ ಒಪ್ಪಿಗೆಯಿಲ್ಲದೆ ಅದನ್ನು ಮಾಲೀಕರಿಗೆ ಕೊಡತಕ್ಕದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ. ತಂತ್ರಜ್ಞನ ಫೋನಿನಲ್ಲಿ ನೂರಾರು ಜನರ ಕಣ್ಣಿನ ಚಿತ್ರಗಳು ಉಳಿದುಕೊಳ್ಳುವ ರೂಢಿಗೆ ಈಗಲೇ ತಡೆ ಹಾಕುವುದು ಲೇಸು.

ಸ್ವಂತ ನೌಕರರಿಗಷ್ಟೇ ಸೀಮಿತವಾದ ಶಿಬಿರದ ವೆಚ್ಚವನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಬಾಬಿನಲ್ಲಿ ತೋರಿಸಲು ಬರುವುದಿಲ್ಲ. ಅದು ನೌಕರರ ಕ್ಷೇಮಾಭಿವೃದ್ಧಿಯ ವೆಚ್ಚ. ಸಾರ್ವಜನಿಕರಿಗೂ ತೆರೆದ ಶಿಬಿರದ ಮಾತು ಬೇರೆ.

ಎಲ್ಲಕ್ಕಿಂತ ಮುಖ್ಯವಾಗಿ, ಶಿಬಿರದ ದಿನಾಂಕ ಗೊತ್ತುಮಾಡುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವಿರಬೇಕು: ಚಿತ್ರವನ್ನು ಓದಿ ಸಹಿ ಹಾಕುವ ವೈದ್ಯರು ಯಾರು? ದೋಷ ಕಂಡವರನ್ನು ಕಳುಹಿಸುವ ಆಸ್ಪತ್ರೆ ಯಾವುದು, ಅಲ್ಲಿನ ವೆಚ್ಚ ಯಾರದು? ಹೋಗದೇ ಉಳಿದವರನ್ನು ತಿಂಗಳ ನಂತರ ವಿಚಾರಿಸುವವರು ಯಾರು? ಮಾರಾಟಗಾರನು ಉಪಕರಣದ ಗುಣಗಳನ್ನು ಎಷ್ಟೇ ವರ್ಣಿಸಲಿ, ಈ ಮೂರಕ್ಕೆ ಉತ್ತರ ದೊರೆಯದಿದ್ದಲ್ಲಿ ಶಿಬಿರದಿಂದ ಉಳಿಯುವುದು ಫೋಟೊಗಳು ಮಾತ್ರ. ಉತ್ತರವಿರುವಲ್ಲಿ ಒಂದು ಸಾಧಾರಣ ಫೋನು ಹಾಗೂ ಒಂದು ಒಳ್ಳೆಯ ಮಸೂರ ಹಲವರ ದುಡಿಮೆಯ ವರ್ಷಗಳನ್ನು ಉಳಿಸಿಕೊಡಬಲ್ಲವು.